ಅಜ್ಜಿಯ ಅಮ್ಮನ ಹೆಸರು ಕೇಳಿದೆಯಾ?

ಕುಟುಂಬದ ಮೂಲ ಹುಡುಕಲಿಕ್ಕೆ ಹೊರಟಿದ್ದೀಯಂತೆ, ಬಹಳ ಸಂತೋಷ ಮಗಾ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಮೊನ್ನೆ ಶುರು ಮಾಡಿದವನು ಆಗಲೇ ಕಾರ್ಕಳದ ಭೈರರಸರ ತನಕ ಮುಟ್ಟಿದೆಯಲ್ಲ! ಆ ವಂಶದ ವೀರಪಾಂಡ್ಯ ಅರಸ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ನಿನ್ನ ಕೈಯಲ್ಲಿರುವುದು ಅಜ್ಜನ ರೇಶನ್ ಕಾರ್ಡು. ನಡುವಿನ ಐನೂರು ಚಿಲ್ಲರೆ ವರ್ಷ ಎಲ್ಲಿ ಹೋಯಿತು ಮಾರಾಯ? ಅರಸನನ್ನು ಬಿಡು. ಮೊದಲು ನಿನ್ನ ಅಜ್ಜಿಯ ಅಮ್ಮನ ಹೆಸರೇನು, ಹೇಳು ನೋಡೋಣ.

ಗೊತ್ತಿಲ್ಲ ಅಲ್ಲವಾ? ಅಪ್ಪ, ಅಪ್ಪನ ಅಪ್ಪ, ಅವರ ಅಪ್ಪ ಅಂತ ಬರೆದುಕೊಂಡು ಹೋಗಿದ್ದೀ. ಮಣಿಪಾಲದಲ್ಲಿ ಓದಿದ ಹುಡುಗ, ಕಂಪ್ಯೂಟರಿನಲ್ಲಿ ಚಂದದ ವಂಶವೃಕ್ಷ ಬಿಡಿಸಿದ್ದೀ, ಹೌದು. ಆದರೆ ನಮ್ಮದು ಅಳಿಯಸಂತಾನದ ಮನೆ. ಬಂಟರು, ಬಿಲ್ಲವರು, ಮೊಗವೀರರು, ಈ ಕಡೆಯ ಜೈನರು, ಎಲ್ಲರಲ್ಲಿಯೂ ಬರಿ, ಅಂದರೆ ಗೋತ್ರದಂಥ ಕುಲದ ಹೆಸರು, ಬರುವುದು ತಾಯಿಯಿಂದ. ಮನೆಯ ಯಜಮಾನಿಕೆ ಹೋಗುತ್ತಿದ್ದದ್ದು ಸೋದರಮಾವನಿಂದ ಅಳಿಯನಿಗೆ. ಹಳೇ ಜಮೀನು ಲೆಕ್ಕದ ಅಡಂಗಲಿನಲ್ಲಿ ಒಂದೇ ವರ್ಗಕ್ಕೆ, ಅಂದರೆ ಒಂದೇ ಹಿಡುವಳಿಗೆ, ಒಬ್ಬನ ನಂತರ ಇನ್ನೊಬ್ಬನ ಹೆಸರು ಕಂಡ ಕೂಡಲೇ ಅಪ್ಪ, ಮಗ ಅಂತ ಗೆರೆ ಎಳೆಯಬೇಡ. ಅವರು ಸೋದರಮಾವ, ಅಳಿಯ ಆಗಿರಬಹುದು. ಆ ಇಬ್ಬರನ್ನು ಜೋಡಿಸುವ ಹೆಂಗಸು ಅಲ್ಲಿ ಕಾಣಿಸುವುದಿಲ್ಲ. ಅವಳನ್ನು ಹುಡುಕುವುದೇ ನಿನ್ನ ಕೆಲಸ.

ಎಲ್ಲಿ ಸಿಗುತ್ತಾಳೆ ಅಂದರೆ, ಪಾಲುಪಟ್ಟಿಯಲ್ಲಿ. ಹಿಂದೆ ಈ ಕುಟುಂಬಗಳಲ್ಲಿ ಎಲ್ಲರೂ ಒಪ್ಪದೆ ಆಸ್ತಿ ಪಾಲಾಗುತ್ತಿರಲಿಲ್ಲ. ನಾವು ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 1949ರ ಅಳಿಯಸಂತಾನ ಕಾಯಿದೆ ಬಂದ ಮೇಲೆ, ಕವರು ಕವರಾಗಿ ಪಾಲು ಕೇಳುವ ಹಕ್ಕು ಬಂತು. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಇಳಿದು ಬಂದದ್ದು ಒಂದು ಕವರು. ಪಾಲು ಮಾಡಬೇಕಾದರೆ ಎಲ್ಲ ಕವರುಗಳೂ ಯಾವ ಅಜ್ಜಿಯಲ್ಲಿ ಕೂಡುತ್ತವೆ ಅಂತ ತೋರಿಸಬೇಕಿತ್ತು. ಹಾಗಾಗಿ ಗಂಡಸರ ಕಾಗದದಲ್ಲಿ ಮರೆಯಾದ ಹೆಂಗಸರೆಲ್ಲ ಅಲ್ಲಿ ಸಾಲಾಗಿ ಬಂದು ನಿಲ್ಲುತ್ತಾರೆ. ಉಡುಪಿ, ಕಾರ್ಕಳದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಕೇಳು. ಮನೆಯವರು ಕೋರ್ಟಿಗೆ ಹೋಗಿದ್ದರೆ ಇನ್ನೂ ಒಳ್ಳೆಯದು, ದಾವೆಯ ಕಾಗದದಲ್ಲಿ ವಂಶಾವಳಿಯೇ ಇರುತ್ತದೆ. ಜಗಳ ಮಾಡಿದ ಮನೆಯ ಲೆಕ್ಕ ಚೊಕ್ಕ ಇರುತ್ತದೆ ಮಗಾ, ಇದು ನಾನು ಕಣ್ಣಾರೆ ಕಂಡದ್ದು.

ಭೂಮಿಯೇ ಇರಲಿಲ್ಲ, ಗೇಣಿಗೆ ಕೂತವರು ಅಂತೀಯಾ? ಆಗಲೂ ಕೈಚೆಲ್ಲಬೇಡ. 1974ರಲ್ಲಿ ಭೂಸುಧಾರಣೆ ಬಂದಾಗ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು. ಯಾವ ಗದ್ದೆ, ಯಾವಾಗಿನಿಂದ ಸಾಗುವಳಿ, ಮೊದಲು ಯಾರು ಮಾಡುತ್ತಿದ್ದರು ಎಂಬ ಹೇಳಿಕೆಗಳು ಭೂನ್ಯಾಯಮಂಡಳಿಯ ಕಡತದಲ್ಲಿ ಸಿಕ್ಕಾವು. ಧಣಿಗಳ ಚರಿತ್ರೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಈ ಕಡತ ಓದುವವರು ಕಡಿಮೆ. ನನಗೆ ಅದರ ಮೇಲೆಯೇ ಹೆಚ್ಚು ಪ್ರೀತಿ.

ಇಸವಿಯ ವಿಷಯದಲ್ಲಿ ಹುಷಾರು. ಹಳೇ ಕಂದಾಯದ ಕಾಗದದಲ್ಲಿ ಫಸಲಿ 1310 ಅಂತ ಕಂಡರೆ ಅದಕ್ಕೆ 590 ಕೂಡಿಸು, 1900ನೇ ಇಸವಿಯ ಜುಲೈಯಿಂದ ಶುರುವಾದ ವರ್ಷ ಅದು. ಬರೇ ‘ವಿಕಾರಿ ಸಂವತ್ಸರ’ ಅಂತಿದ್ದರೆ 1899ರದ್ದೂ ಆಗಬಹುದು, 1959ರದ್ದೂ ಆಗಬಹುದು. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಶಾಲೆಯ ಪುಸ್ತಕದ ಹುಟ್ಟಿದ ತಾರೀಕು ಎಷ್ಟೋ ಸಲ ಮಾಸ್ಟ್ರು ಅಂದಾಜಿಗೆ ಬರೆದದ್ದು. ಹೆಸರು ಒಂದೇ ಅಂತ ಆಳೂ ಒಂದೇ ಅಲ್ಲ. ಕಾಪುವಿನ ಸುತ್ತ ಒಂದೇ ಕಾಲಕ್ಕೆ ಎಷ್ಟು ಸಂಜೀವ, ಎಷ್ಟು ಶೀನ! ತಾಯಿಯ ಹೆಸರು, ಮನೆಯ ಹೆಸರು, ಬರಿ, ಈ ಮೂರೂ ಕೂಡಿದರೆ ಮಾತ್ರ ನಿನ್ನವರು ಅನ್ನು.

ನಿನ್ನ ಜೊತೆಗಾರ, ಶಿರ್ವದ ಕ್ರೈಸ್ತರ ಹುಡುಗನಿಗೂ ಹೇಳು. ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ಅಪ್ಪ ಅಮ್ಮನ ಹೆಸರಷ್ಟೇ ನೋಡಬೇಡ, ಗಾಡ್‌ಫಾದರ್, ಗಾಡ್‌ಮದರ್ ಹೆಸರನ್ನೂ ಬರೆದುಕೋ ಅಂತ. ಅವರು ಹೆಚ್ಚಾಗಿ ಹತ್ತಿರದ ನೆಂಟರೇ. ಟಿಪ್ಪು 1784ರಲ್ಲಿ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕಾಲದಲ್ಲಿ ಇಗರ್ಜಿಗಳೇ ಬಿದ್ದವು. ಅದರ ಹಿಂದಿನ ಪುಸ್ತಕ ಸಿಗದಿದ್ದರೆ ಅವನು ಬೇಸರ ಮಾಡುವುದು ಬೇಡ. ಬಾಸೆಲ್ ಮಿಶನ್ನಿನ ಮನೆಯವರಾದರೆ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿಯೇ ಮಿಶನ್ನಿನ ಹಳೇ ಕಾಗದಪತ್ರಗಳ ದೊಡ್ಡ ಭಂಡಾರ ಉಂಟು.

ಕಚೇರಿ ಎಲ್ಲಿಗೂ ಓಡುವುದಿಲ್ಲ, ಮುಂದಿನ ತಿಂಗಳು ಹೋದರೂ ಆಯಿತು. ಕಾಪುವಿನ ದೊಡ್ಡಮ್ಮನ ಹತ್ತಿರ ಈ ವಾರವೇ ಹೋಗು. ತುಳುವಿನಲ್ಲಿಯೇ ಮಾತಾಡು. ಹೋದ ತಕ್ಷಣ ಫೋನು ಹಿಡಿದು ರೆಕಾರ್ಡು ಮಾಡಬೇಡ. ಕುಟುಂಬದ ನಾಗಬನ ಎಲ್ಲಿತ್ತು, ತಂಬಿಲದ ಪೂಜೆಗೆ ಯಾರೆಲ್ಲ ಬರುತ್ತಿದ್ದರು ಅಂತ ಶುರು ಮಾಡು. ಬರುತ್ತಿದ್ದವರ ಹೆಸರಿನ ಹಿಂದೆಯೇ ಮನೆಗಳ ಹೆಸರೂ ಬರುತ್ತದೆ. ಹಳೇ ಪೆಟ್ಟಿಗೆಯ ಕಾಗದವನ್ನು ಮಾತ್ರ ಮೊದಲ ದಿನವೇ ಕೇಳಬೇಡ. ಮಣಿಪಾಲದಿಂದ ಹುಡುಗ ಬಂದು ಕಾಗದ ಕೇಳಿದ ಅಂದರೆ ಪಾಲು ಕೇಳಲಿಕ್ಕೆ ಬಂದ ಅಂತಲೇ ಸುದ್ದಿಯಾಗುತ್ತದೆ. ಎರಡನೇ ಸಲ ಹೋದಾಗ ಅವರ ಮಗನೂ ಇರುವ ಹೊತ್ತು ನೋಡಿ, ಅವನ ಎದುರಿಗೇ ಕೇಳು. ಫೋಟೋ ಅಲ್ಲಿಯೇ ತೆಗೆದು ಕಾಗದ ಅಲ್ಲಿಯೇ ಬಿಟ್ಟು ಬಾ.