ಚೆಂಡು ಮುಟ್ಟದವರ ಎದೆ ಯಾಕೆ ಬಡಿದುಕೊಳ್ಳುತ್ತದೆ?

ತೃಕ್ಕರಿಪುರದ ಮಹಮ್ಮದ್ ರಾಫಿ ಯಾರು ಅಂತ ಕಾಸರಗೋಡಿನ ಫುಟ್‌ಬಾಲ್ ಪ್ರಿಯರಿಗೆ ಹೇಳಬೇಕಾಗಿಲ್ಲ. 2016ರ ಡಿಸೆಂಬರ್ 18ರಂದು ಕೊಚ್ಚಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಫೈನಲ್. ಒಂದು ಕಡೆ ಕೇರಳ ಬ್ಲಾಸ್ಟರ್ಸ್, ಇನ್ನೊಂದು ಕಡೆ ಕೋಲ್ಕತ್ತಾದ ಎಟಿಕೆ. 37ನೇ ನಿಮಿಷದಲ್ಲಿ ನಮ್ಮ ಜಿಲ್ಲೆಯ ರಾಫಿ ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ ಹೋಯಿತು. ಹಳದಿ ಅಂಗಿ ಹಾಕಿ ಬಂದಿದ್ದ 50 ಸಾವಿರಕ್ಕೂ ಹೆಚ್ಚು ಜನ ಎದ್ದು ನಿಂತರು. ಏಳೇ ನಿಮಿಷ. 44ನೇ ನಿಮಿಷದಲ್ಲಿ ಎಟಿಕೆಯ ಸೆರೆನೊ ಗೋಲು ಹೊಡೆದು ಲೆಕ್ಕ ಸರಿಮಾಡಿದರು. ಆಮೇಲೆ ಹೆಚ್ಚುವರಿ ಸಮಯ ಮುಗಿದರೂ ಗೋಲಿಲ್ಲ. ಪೆನಾಲ್ಟಿ ಒದೆತದಲ್ಲಿ ಎಟಿಕೆಯ ಹ್ಯೂಮ್ ಒದ್ದ ಚೆಂಡನ್ನು ನಮ್ಮ ಗೋಲಿ ತಡೆದಾಗ ಇಡೀ ಕ್ರೀಡಾಂಗಣ ಗೆದ್ದೇಬಿಟ್ಟೆವು ಅಂದುಕೊಂಡಿತ್ತು. ಕೊನೆಗೆ 4-3ರಿಂದ ಕಪ್ ಹೋದದ್ದು ಕೋಲ್ಕತ್ತಾಕ್ಕೆ. ಎರಡು ವರ್ಷ ಹಿಂದೆ ಮುಂಬೈಯ ಫೈನಲ್‌ನಲ್ಲೂ ಇದೇ ತಂಡಕ್ಕೆ ಸೋತಿದ್ದೆವು. ಆದರೆ ಅದು ಪರವೂರು. ಇದು ಮನೆಯಂಗಳ.

ನೀವಾಗ ಬಹಳ ಚಿಕ್ಕವರು. ಮನೆಯಲ್ಲಿ ಅಣ್ಣನೋ ಮಾವನೋ ಇದ್ದರೆ ಕೇಳಿ ನೋಡಿ, ಆ ರಾತ್ರಿ ನಿದ್ದೆ ಬಂದಿತ್ತಾ ಅಂತ. ಕೈ ತಣ್ಣಗಾಗಿತ್ತು, ಬಾಯಿ ಒಣಗಿತ್ತು, ಊಟ ಸೇರಲಿಲ್ಲ, ಎದೆ ಡವಡವ ಅಂತಿತ್ತು ಅಂತ ಹೇಳಬಹುದು. ಆಡಿದವರು ಎರಡು ಗಂಟೆ ಓಡಿದ್ದಾರೆ, ಅವರ ಎದೆ ಬಡಿದುಕೊಂಡರೆ ಸರಿ. ಟಿವಿಯ ಮುಂದೆ ಬೆಂಚಿನಲ್ಲಿ ಕೂತವನದ್ದು ಯಾಕೆ ಬಡಿದುಕೊಳ್ಳಬೇಕು? ಇದು ತಮಾಷೆಯ ಪ್ರಶ್ನೆ ಅಲ್ಲ. ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ಅಭಿಮಾನಿಗಳ ಎಂಜಲನ್ನೂ ಆಸ್ಪತ್ರೆಯ ದಾಖಲೆಗಳನ್ನೂ ಅಳೆದಿದ್ದಾರೆ.

ಮೊದಲು ಶರೀರದೊಳಗೆ ಏನಾಗುತ್ತದೆ ನೋಡೋಣ. ಅಪಾಯ ಎದುರಾಯಿತು ಅಂತ ಮಿದುಳಿಗೆ ಅನಿಸಿದ ಕೂಡಲೇ ಎರಡು ದಾರಿಗಳಲ್ಲಿ ಸುದ್ದಿ ಹೋಗುತ್ತದೆ. ಒಂದು ಅವಸರದ ದಾರಿ. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್‌ನಿಂದ ನರಗಳ ಮೂಲಕ ಅಡ್ರಿನಲ್ ಗ್ರಂಥಿಗಳಿಗೆ. ಈ ಗ್ರಂಥಿಗಳು ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿ ಇಟ್ಟ ಹಾಗೆ ಕೂತಿರುತ್ತವೆ. ಅಲ್ಲಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಎದೆಬಡಿತ ಏರುತ್ತದೆ, ಉಸಿರಾಟ ಜೋರಾಗುತ್ತದೆ, ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಚರ್ಮಕ್ಕೂ ಹೊಟ್ಟೆಗೂ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳಿಗೆ ಹೆಚ್ಚು ಹರಿಯುತ್ತದೆ. ಕೈ ತಣ್ಣಗಾದದ್ದು, ಊಟ ಸೇರದೇ ಹೋದದ್ದು ಈ ಕಾರಣಕ್ಕೆ. ಓಡಲಿಕ್ಕೋ ಹೊಡೆದಾಡಲಿಕ್ಕೋ ಶರೀರ ತಯಾರಾಗಿ ನಿಂತಿದೆ, ಜೀರ್ಣಕ್ರಿಯೆ ಆಮೇಲೆ ನೋಡಿಕೊಳ್ಳೋಣ ಅಂತ.

ಇನ್ನೊಂದು ನಿಧಾನದ ದಾರಿ. ಹೈಪೋಥಲಾಮಸ್ ಪಿಟ್ಯೂಟರಿಗೆ ಹೇಳುತ್ತದೆ, ಪಿಟ್ಯೂಟರಿ ರಕ್ತದ ಮೂಲಕ ಅದೇ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ. ಗ್ರಂಥಿಯ ಹೊರಪದರ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಇದು ಏರಿ ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು, ಇಳಿಯಲು ಇನ್ನೂ ಹೆಚ್ಚು ಹೊತ್ತು. ಪಂದ್ಯ ಮುಗಿದು ದೀಪ ಆರಿಸಿ ಮಲಗಿದ ಮೇಲೂ ಕಣ್ಣು ಮುಚ್ಚದಿರುವುದಕ್ಕೆ ಇದೂ ಒಂದು ಕಾರಣ.

ಮೈದಾನದಲ್ಲಿರುವ ಆಟಗಾರ ಈ ಸಕ್ಕರೆಯನ್ನು ಓಡಿ ಸುಡುತ್ತಾನೆ. ಬೆಂಚಿನವನು? ಅವನಿಗೆ ಕಿರುಚುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಪಂದ್ಯದ ಫಲಿತಾಂಶ ತನ್ನ ಕೈಯಲ್ಲಿಲ್ಲ ಅಂತ ಗೊತ್ತಿದ್ದಾಗ ಒತ್ತಡ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ. ಪರೀಕ್ಷೆ ಬರೆಯುವವನಿಗಿಂತ ಹೊರಗೆ ಕಾಯುವ ಅಮ್ಮನಿಗೇ ಕೆಲವು ಸಲ ಹೆಚ್ಚು ಬೆವರು ಬರುವುದನ್ನು ನೀವು ನೋಡಿರಬಹುದು.

ಇದನ್ನೆಲ್ಲ ಅಳೆದವರಿದ್ದಾರಾ? ಇದ್ದಾರೆ. 2014ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ನಡೆಯಿತು. ಜುಲೈ 8ರಂದು ಬೆಲೊ ಹೊರಿಜಾಂಟೆಯಲ್ಲಿ ಸೆಮಿಫೈನಲ್. ನಮ್ಮಲ್ಲಿ ಆಗ ಮಧ್ಯರಾತ್ರಿ ಕಳೆದು ಒಂದೂವರೆ ಗಂಟೆ. ಕೇರಳದ ಊರೂರಲ್ಲಿ ಹಳದಿ ಬಾವುಟ ಕಟ್ಟಿದ್ದವರು ನಿದ್ದೆಗೆಟ್ಟು ಕೂತಿದ್ದರು. ನೇಮರ್‌ಗೆ ಬೆನ್ನುಮೂಳೆಯ ಗಾಯ, ನಾಯಕ ತಿಯಾಗೊ ಸಿಲ್ವಾಗೆ ನಿಷೇಧ. ಆದರೂ 1975ರಿಂದ ಈಚೆಗೆ ಸ್ವಂತ ನೆಲದ ಯಾವ ಸ್ಪರ್ಧಾ ಪಂದ್ಯದಲ್ಲೂ ಬ್ರೆಜಿಲ್ ಸೋತಿರಲಿಲ್ಲ. ಜರ್ಮನಿ 11ನೇ ನಿಮಿಷದಲ್ಲಿ ಒಂದು ಗೋಲು ಹೊಡೆಯಿತು. ಮತ್ತೆ 23, 24, 26, 29ನೇ ನಿಮಿಷಗಳಲ್ಲಿ ಒಂದೊಂದು. ಟಿವಿಯಲ್ಲಿ ತೋರಿಸುವುದು ಹಳೆಯ ಗೋಲಿನ ಮರುಪ್ರಸಾರವೋ ಹೊಸ ಗೋಲೋ ಅಂತ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ 7-1.

ಅದೇ ವಿಶ್ವಕಪ್‌ನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲ್‌ನ ಸುಮಾರು 40 ಅಭಿಮಾನಿಗಳಿಂದ ಪಂದ್ಯಕ್ಕೆ ಮೊದಲು, ನಡುವೆ, ನಂತರ ಎಂಜಲಿನ ಮಾದರಿ ತೆಗೆದಿದ್ದರು. ಕಾರ್ಟಿಸಾಲ್ ರಕ್ತದಿಂದ ಎಂಜಲಿಗೂ ಇಳಿಯುತ್ತದೆ, ಹಾಗಾಗಿ ಸೂಜಿ ಚುಚ್ಚಬೇಕಾಗಿಲ್ಲ. ಈ 7-1ರ ಪಂದ್ಯದಲ್ಲಿ ಕಾರ್ಟಿಸಾಲ್ ಬಹಳ ಮೇಲೇರಿತ್ತು. ತಂಡವೂ ತಾನೂ ಒಂದೇ ಅಂತ ಗಾಢವಾಗಿ ನಂಬಿದವರಲ್ಲಿ ಇನ್ನೂ ಹೆಚ್ಚು. ಗಂಡಸರು, ಹೆಂಗಸರು ಎಂಬ ವ್ಯತ್ಯಾಸ ಕಾಣಲಿಲ್ಲ. ಫುಟ್‌ಬಾಲ್ ಹುಡುಗರದ್ದು ಅನ್ನುವವರಿಗೆ ಇದನ್ನೊಮ್ಮೆ ತೋರಿಸಿ! ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಸೋಲು ಖಚಿತವಾದ ಮೇಲೆ ಅಭಿಮಾನಿಗಳು ಒಬ್ಬರನ್ನೊಬ್ಬರು ತಬ್ಬಿಕೊಂಡರು, ತಮ್ಮ ತಂಡದ ಮೇಲೆಯೇ ಜೋಕು ಹೇಳಿಕೊಂಡು ನಕ್ಕರು. ಪಂದ್ಯ ಮುಗಿಯುವ ಹೊತ್ತಿಗೆ ಅವರ ಕಾರ್ಟಿಸಾಲ್ ಮೊದಲಿನ ಮಟ್ಟಕ್ಕೆ ಇಳಿದಿತ್ತು.

ಇದಕ್ಕೂ 20 ವರ್ಷ ಹಿಂದೆ, 1994ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಪೆನಾಲ್ಟಿಯಲ್ಲಿ ಇಟಲಿಯನ್ನು ಸೋಲಿಸಿದಾಗ ಎರಡೂ ಕಡೆಯ ಅಭಿಮಾನಿಗಳ ಟೆಸ್ಟೋಸ್ಟೆರಾನ್ ಅಳೆದಿದ್ದರು. ಗೆದ್ದವರ ಕಡೆಯವರಲ್ಲಿ ಏರಿತ್ತು, ಸೋತವರ ಕಡೆಯವರಲ್ಲಿ ಇಳಿದಿತ್ತು. ಅಳತೆಗೆ ಸಿಕ್ಕವರು ಕೆಲವೇ ಗಂಡಸರು, ಅಂಕಿ ಚಿಕ್ಕದು. ಆದರೂ ಯೋಚಿಸಿ: ಇವರಲ್ಲಿ ಯಾರೂ ಚೆಂಡು ಮುಟ್ಟಿದವರಲ್ಲ.

ಮನೆಯಂಗಳದ ಸೋಲೇ ಯಾಕೆ ಹೆಚ್ಚು ನೋಯುತ್ತದೆ? ಇಲ್ಲಿ ನಿರೀಕ್ಷೆಯ ಲೆಕ್ಕ ಬರುತ್ತದೆ. ವುಲ್ಫ್ರಾಮ್ ಶುಲ್ಜ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಡೋಪಮೈನ್ ಸ್ರವಿಸುವ ನರಕೋಶಗಳನ್ನು ಅಭ್ಯಾಸ ಮಾಡಿದರು. ಸೂಚನೆ ಕೊಟ್ಟು ಹಣ್ಣಿನ ರಸ ಕೊಡುವುದು ರೂಢಿ ಮಾಡಿಸಿ, ಒಂದು ದಿನ ಸೂಚನೆ ಕೊಟ್ಟು ರಸ ಕೊಡದಿದ್ದರೆ, ರಸ ಬರಬೇಕಾಗಿದ್ದ ಅದೇ ಕ್ಷಣಕ್ಕೆ ಆ ಕೋಶಗಳ ಚಟುವಟಿಕೆ ಮಾಮೂಲಿಗಿಂತ ಕೆಳಗೆ ಬೀಳುತ್ತಿತ್ತು. ಅಂದರೆ ಮಿದುಳು ಸಿಕ್ಕಿದ್ದನ್ನು ಮಾತ್ರ ಲೆಕ್ಕ ಹಾಕುವುದಿಲ್ಲ, ಸಿಗುತ್ತದೆ ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರವನ್ನು ಲೆಕ್ಕ ಹಾಕುತ್ತದೆ. ಸ್ವಂತ ನೆಲದಲ್ಲಿ ತಂಡಗಳು ಹೆಚ್ಚು ಗೆಲ್ಲುತ್ತವೆ ಎಂಬುದು ಎಲ್ಲ ಅಭಿಮಾನಿಗಳಿಗೂ ಗೊತ್ತುಂಟು. ಅದಕ್ಕೇ ಅಲ್ಲಿ ನಿರೀಕ್ಷೆ ದೊಡ್ಡದು, ಸೋತರೆ ಅಂತರವೂ ದೊಡ್ಡದು. ಕೊಚ್ಚಿಯಲ್ಲಿ ಹ್ಯೂಮ್‌ನ ಒದೆತ ತಡೆದ ಆ ಕ್ಷಣ ನಿರೀಕ್ಷೆಯನ್ನು ಇನ್ನೊಂದು ಮೆಟ್ಟಿಲು ಏರಿಸಿಬಿಟ್ಟಿತ್ತು.

ಈಗ ಸ್ವಲ್ಪ ಗಂಭೀರ ವಿಷಯ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆಯಿತು. ಆಗ ಮ್ಯೂನಿಕ್ ನಗರ ಮತ್ತು ಸುತ್ತಲಿನ ಪ್ರದೇಶದಲ್ಲಿ ವೈದ್ಯರು ಹೃದಯದ ತುರ್ತು ಪ್ರಕರಣಗಳನ್ನು ಎಣಿಸಿದರು. ಜರ್ಮನಿ ಆಡಿದ ದಿನಗಳಲ್ಲಿ ಇಂಥ ಪ್ರಕರಣ ಮಾಮೂಲಿಗಿಂತ 2.66 ಪಟ್ಟು ಆಗಿತ್ತು. ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಹೆಚ್ಚಿನವು ಪಂದ್ಯ ಶುರುವಾದ ಮೊದಲ ಎರಡು ಗಂಟೆಯೊಳಗೆ. ಮೊದಲೇ ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ.

ಗಮನಿಸಿ: ಅರ್ಜೆಂಟೀನಾ ವಿರುದ್ಧದ ಕ್ವಾರ್ಟರ್‌ಫೈನಲ್ ಪೆನಾಲ್ಟಿಗೆ ಹೋಗಿ ಜರ್ಮನಿ ಗೆದ್ದಿತು. ಇಟಲಿಯ ವಿರುದ್ಧದ ಸೆಮಿಫೈನಲ್ ಹೆಚ್ಚುವರಿ ಸಮಯದ ಕೊನೆಯ ನಿಮಿಷಗಳಲ್ಲಿ 2-0ರಿಂದ ಸೋತಿತು. ಎರಡೂ ದಿನ ಪ್ರಕರಣ ಏರಿದವು. ಮೂರನೇ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ಏರಲಿಲ್ಲ, ಯಾಕೆಂದರೆ ಅಷ್ಟರೊಳಗೆ ಪಣಕ್ಕಿಟ್ಟದ್ದು ಹೋಗಿಯಾಗಿತ್ತು. ಹಾಗಾದರೆ ಎದೆಗೆ ಪೆಟ್ಟು ಕೊಡುವುದು ಬರೀ ಸೋಲಲ್ಲ, ಏನಾಗುತ್ತದೋ ಎಂಬ ಬಿಗಿ.

ನಿಮ್ಮ ಮನೆಯಲ್ಲಿ ಅಜ್ಜನೋ ದೊಡ್ಡಪ್ಪನೋ ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಪಂದ್ಯ ನೋಡಬೇಡಿ ಅನ್ನಬೇಕಾಗಿಲ್ಲ, ಹೇಳಿದರೂ ಕೇಳುವವರಲ್ಲ. ಮಾತ್ರೆ ಸಮಯಕ್ಕೆ ಹೋಯಿತಾ ನೋಡಿ. ಪಂದ್ಯದ ಹೊತ್ತಿಗೆ ಬೀಡಿ ಸಿಗರೇಟು ಬೇಡ ಅನ್ನಿ. ಎದೆಯ ಮೇಲೆ ಭಾರ ಇಟ್ಟ ಹಾಗೆ ಆಗುವುದು, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಟಿವಿ ಆರಿಸಿ 108ಕ್ಕೆ ಫೋನ್ ಮಾಡಿ. 'ಗ್ಯಾಸ್ ಇರಬೇಕು, ಪೆನಾಲ್ಟಿ ಮುಗಿಯಲಿ ಮಾರಾಯ' ಅಂದರೆ ಕೇಳಬೇಡಿ. ನಡೆಸಿಕೊಂಡು ಹೋಗಬೇಡಿ, ಕೂರಿಸಿ.

ಸೋತ ಮರುದಿನದ ವಿಷಯ ಒಂದುಂಟು. 1976ರಲ್ಲಿ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ಕಾಲೇಜುಗಳಲ್ಲಿ ನೋಡಿದರು: ಕಾಲೇಜು ತಂಡ ಗೆದ್ದ ವಾರ ಹೆಚ್ಚು ವಿದ್ಯಾರ್ಥಿಗಳು ಕಾಲೇಜಿನ ಹೆಸರಿದ್ದ ಅಂಗಿ ಹಾಕಿ ಬರುತ್ತಿದ್ದರು. ಗೆದ್ದ ಪಂದ್ಯದ ಬಗ್ಗೆ ಹೇಳುವಾಗ 'ನಾವು', ಸೋತದ್ದನ್ನು ಹೇಳುವಾಗ 'ಅವರು'. ಅಲ್ಲಿನ ಮಾತಿನಲ್ಲಿ ಇದಕ್ಕೆ ಬೇರೆ ಪದವೇ ಬೇಕು. ಕನ್ನಡದಲ್ಲಿ ಕ್ರಿಯಾಪದದ ಬಾಲವೇ ಗುಟ್ಟು ಬಿಟ್ಟುಕೊಡುತ್ತದೆ. 'ಗೆದ್ದೆವು' ಅಂದವನು 'ಸೋತೆವು' ಅನ್ನುತ್ತಾನಾ, 'ಸೋತರು' ಅನ್ನುತ್ತಾನಾ? ಮುಂದಿನ ದೊಡ್ಡ ಪಂದ್ಯದ ಮರುದಿನ ತರಗತಿಯಲ್ಲಿ ಕಿವಿಗೊಟ್ಟು ಎಣಿಸಿ. ಎಣಿಸುತ್ತಿದ್ದೇನೆ ಅಂತ ಹೇಳಬೇಡಿ, ಹೇಳಿದರೆ ಎಲ್ಲರೂ ಜಾಗ್ರತೆಯಾಗಿ ಮಾತಾಡುತ್ತಾರೆ. (ಈ ಲೇಖನದ ಮೊದಲ ಪ್ಯಾರಾದಲ್ಲಿ ನಾನು ಯಾವ ರೂಪ ಬಳಸಿದ್ದೇನೆ ಅಂತಲೂ ನೋಡಿ.)

ಇನ್ನು ನಾಡಿಯ ಪ್ರಯೋಗ. ಗಡಿಯಾರ, ಪುಸ್ತಕ, ಪೆನ್ಸಿಲ್ ಸಾಕು. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಗೆ ತೋರುಬೆರಳು, ನಡುಬೆರಳು ಇಟ್ಟು ನಾಡಿ ಹುಡುಕಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೇ ಸ್ವಂತ ಬಡಿತ ಉಂಟು. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ಪಂದ್ಯಕ್ಕೆ ಅರ್ಧ ಗಂಟೆ ಮೊದಲು, ಶುರುವಾದಾಗ, ಮಧ್ಯಂತರದಲ್ಲಿ, ಪ್ರತಿ ಗೋಲಾದ ಕೂಡಲೇ, ಮುಗಿದ ಮೇಲೆ, ಮತ್ತೆ ಅರ್ಧ ಗಂಟೆ ಬಿಟ್ಟು ಅಳೆಯಿರಿ. ಅಳೆಯುವ ಮೊದಲು ಎರಡು ನಿಮಿಷ ಕೂತಿರಬೇಕು ಅಂತ ನಿಯಮ ಮಾಡಿದರೆ ಗೋಲಿನ ಏರಿಕೆ ತಪ್ಪಿಹೋಗುತ್ತದೆ. ಕುಣಿದು ಬಂದವನನ್ನು ಅಳೆದರೆ ಕುಣಿತದ ಏರಿಕೆಯೂ ಸೇರುತ್ತದೆ. ಏನು ಮಾಡುವುದು? ನೀವೇ ಯೋಚಿಸಿ ಬರೆಯಿರಿ. ಚಹಾ ಕುಡಿದವರ ಹೆಸರಿನ ಮುಂದೆ ಗುರುತು ಹಾಕಿ. ಪಂದ್ಯವಿಲ್ಲದ ದಿನ ಅದೇ ಹೊತ್ತಿಗೆ ಅದೇ ಜನರ ನಾಡಿ ಅಳೆಯದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, ಆ ಕೆಲಸ ಬಿಡಬೇಡಿ. ಎದೆಯ ಕಾಯಿಲೆ ಇರುವವರನ್ನು ಪ್ರಯೋಗಕ್ಕೆ ಸೇರಿಸಬೇಡಿ.

ಒಂದೇ ಪಂದ್ಯ ಸಾಲದು. ನಿಮ್ಮ ತಂಡ ಗೆದ್ದದ್ದು, ಸೋತದ್ದು, ನಿಮಗೆ ಸಂಬಂಧವೇ ಇಲ್ಲದ ಎರಡು ತಂಡ ಆಡಿದ್ದು, ಹೀಗೆ ಕಡಿಮೆಯೆಂದರೂ ಮೂರು ಬೇಕು. ಸೋತ ರಾತ್ರಿ ಪುಸ್ತಕ ಮೂಲೆಗೆ ಎಸೆದರೆ ಗೆದ್ದ ದಿನಗಳ ಅಂಕಿಗಳಷ್ಟೇ ಉಳಿಯುತ್ತವೆ. ಕೋಷ್ಟಕ ತಯಾರಾದ ಮೇಲೆ ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸಿ, ಯಾರ ನಾಡಿ ಮಾಮೂಲಿಗೆ ಇಳಿಯಲು ಹೆಚ್ಚು ಹೊತ್ತು ಹಿಡಿಯಿತು ಎಂಬುದನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿ.