ಫೀ ಕಟ್ಟುವ ಮುನ್ನ ಹುಬ್ಬಿನ ಲೆಕ್ಕ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ನನ್ನ ಪಾರ್ಲರಿಗೆ ಗಿರಾಕಿಗಳ ಜೊತೆ ತಾಯಂದಿರೂ ಬರತೊಡಗುತ್ತಾರೆ. ಮಗಳನ್ನು ಹೊರಗೆ ನಿಲ್ಲಿಸಿ ಒಳಬಂದು ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾರ, ಈ ಪಾರ್ಲರ್ ಕ್ಲಾಸಿಗೆ ಎಷ್ಟ ಖರ್ಚ ಬರ್ತೈತ್ರಿ?" ನಾನು ರೂಪಾಯಿ ಹೇಳುವುದಿಲ್ಲ, ಹುಬ್ಬಿನ ಲೆಕ್ಕ ಹೇಳುತ್ತೇನೆ.

ವಿಜಯಪುರದ ಒಂದು ಖಾಸಗಿ ಅಕಾಡೆಮಿಯಲ್ಲಿ ಕಾಸ್ಮೆಟಾಲಜಿ ಡಿಪ್ಲೊಮಾಕ್ಕೆ ನನಗೆ ಹೇಳಿದ್ದ ಫೀ 45 ಸಾವಿರ. ಬಿಲ್ ಕೊಡಿ ಅಂದಾಗ ಅದರ ಮೇಲೆ ಶೇ 18 ಜಿಎಸ್‌ಟಿ ಏರಿ 53,100 ಆಯಿತು. ನಮ್ಮ ತೊರವಿಯಲ್ಲಿ ಅಥಣಿ ರಸ್ತೆಯ ಪಾರ್ಲರಿನಲ್ಲಿ ಐಬ್ರೋಕ್ಕೆ 40 ರೂಪಾಯಿ ಬೋರ್ಡಿನ ಮೇಲಿರುತ್ತದೆ, ಕೈಗೆ ಬರುವುದು ಬಹುತೇಕ 30. "ಅಕ್ಕಾ, ನಾವು ಮೂರ ಮಂದಿ ಬಂದೀವಿ, ಹಿಡಿದ ಕೊಡು" ಅಂದರೆ ಮುಗಿಯಿತು. 30ರ ಲೆಕ್ಕದಲ್ಲಿ ಆ ಫೀ ತೀರಲು 1,770 ಜನರ ಹುಬ್ಬು ತಿದ್ದಬೇಕು. ಬಾಡಿಗೆ, ಕರೆಂಟು, ಮನೆಗೆ ಒಯ್ಯುವ ಹಾಲಿನ ಪಾಕೀಟು ಇದರಲ್ಲಿಲ್ಲ. ತಾಯಂದಿರು ಸುಮ್ಮನಾಗುತ್ತಾರೆ. ಹೊರಗೆ ನಿಂತ ಮಗಳ ಮುಖ ಮಾತ್ರ ಸಣ್ಣದಾಗುತ್ತದೆ. ಅದಕ್ಕೇ ಪೂರ್ತಿ ಮಾತು ಕೇಳಲು ಅವಳನ್ನೂ ಒಳಗೆ ಕರೆಯುತ್ತೇನೆ.

ಕಲಿಯಬೇಡ ಅನ್ನುವುದು ನನ್ನ ಮಾತಲ್ಲ. ಮೊದಲನೆಯ ಕಲಿಕೆಗೆ ಕೈಯಿಂದ ದುಡ್ಡು ಹಾಕಬೇಡ, ಎರಡನೆಯದಕ್ಕೆ ದುಡಿದ ದುಡ್ಡು ಹಾಕು, ಇಷ್ಟೇ.

ಗೋಡೆಗೆ ತೂಗುಹಾಕುವ ಸರ್ಟಿಫಿಕೇಟಿನ ವಿಷಯ ಮೊದಲು ಮುಗಿಸೋಣ. ಅಮೆರಿಕದ ನ್ಯೂಯಾರ್ಕಿನಲ್ಲಿ ಕಾಸ್ಮೆಟಾಲಜಿಸ್ಟ್ ಆಗಬೇಕಾದರೆ ಮಾನ್ಯತೆ ಪಡೆದ ಶಾಲೆಯಲ್ಲಿ 1,000 ಗಂಟೆ ಕಲಿತು, ಪರೀಕ್ಷೆ ಪಾಸಾಗಿ, ಸರ್ಕಾರದ ಲೈಸೆನ್ಸ್ ಪಡೆಯಬೇಕು. ಅಲ್ಲಿ ಶಾಲೆಯ ಫೀ ಅಂದರೆ ಆ ವೃತ್ತಿಯ ಬಾಗಿಲಿನ ಟಿಕೇಟು. ನಮ್ಮಲ್ಲಿ ಪಾರ್ಲರ್ ತೆರೆಯಲು ಬೇಕಾದ ಟ್ರೇಡ್ ಲೈಸೆನ್ಸ್ ಅಂಗಡಿಗೆ ಸಂಬಂಧಿಸಿದ್ದು, ಅದಕ್ಕೆ ಡಿಪ್ಲೊಮಾ ಕೇಳುವುದಿಲ್ಲ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಹೀಗಿರುವಾಗ 'ಇಂಟರ್‌ನ್ಯಾಷನಲ್' ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾದ ಕಾಗದಕ್ಕೆ ಹತ್ತು ಸಾವಿರ ಹೆಚ್ಚು ಕೇಳಿದರೆ, ಟಿಕೋಟಾದಿಂದ ಬರುವ ಯಾವ ಗಿರಾಕಿ ಅದನ್ನು ಓದುತ್ತಾಳೆ ಎಂದು ಕೇಳಿಕೊಳ್ಳಬೇಕು. ಅವಳು ನೋಡುವುದು ಮುಂದೆ ಕೂತವಳ ಹುಬ್ಬನ್ನು. ಪುಣೆ, ಬೆಂಗಳೂರಿನ ದೊಡ್ಡ ಸಲೂನುಗಳಲ್ಲಿ ನೌಕರಿ ಮಾಡುವ ಆಸೆ ಇದ್ದವರ ಲೆಕ್ಕ ಬೇರೆ. ಅಂಥವರು ಹತ್ತನೆಯ ತರಗತಿ ಮುಗಿಸಿ ಐಟಿಐ ಸೇರಬಹುದು. ಕಾಸ್ಮೆಟಾಲಜಿ ಅಲ್ಲಿ ಒಂದು ವರ್ಷದ ಟ್ರೇಡ್. ಸಿಗುವುದು ರಾಷ್ಟ್ರೀಯ ಪ್ರಮಾಣಪತ್ರ, ನೌಕರಿಯ ಅರ್ಜಿಯಲ್ಲಿ ಅದಕ್ಕೆ ತೂಕವಿದೆ.

ನಾನು ಹೋದದ್ದು ರುಡ್‌ಸೆಟ್ ತರಬೇತಿಗೆ. ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ಸಂಸ್ಥೆ ಇದು. ಇದನ್ನೇ ಮಾದರಿಯಾಗಿಟ್ಟು ಕೇಂದ್ರ ಸರ್ಕಾರ ಆಮೇಲೆ ಜಿಲ್ಲೆ ಜಿಲ್ಲೆಗೂ ಬ್ಯಾಂಕುಗಳಿಂದ ಆರ್‌ಸೆಟಿ ತೆರೆಸಿತು. ಬ್ಯೂಟಿ ಪಾರ್ಲರ್ ಮ್ಯಾನೇಜ್‌ಮೆಂಟ್ ಅಲ್ಲಿ ಸುಮಾರು ಒಂದು ತಿಂಗಳ ತರಬೇತಿ. ಕಲಿಕೆ, ಊಟ, ವಸತಿ ಎಲ್ಲ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನುಹತ್ತಿ ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುತ್ತಾರೆ. "ಬಿಟ್ಟಿ ಕಲಸೋರು ಏನ ಕಲಸ್ತಾರ?" ಎಂದು ಮನೆಯಲ್ಲಿ ಅತ್ತೆಯವರು ಮೂಗು ಮುರಿದಿದ್ದರು. ಕಲಿಸುವುದು ಕೈಕೆಲಸ ಒಂದೇ ಅಲ್ಲ. ವಹಿ ಬರೆಯುವುದು, ಊರಿನಲ್ಲಿ ಸುತ್ತಾಡಿ ಎಷ್ಟು ಪಾರ್ಲರ್ ಇವೆ, ಏನು ರೇಟು ಎಂದು ವಿಚಾರಿಸುವುದು, ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್, ಇವೆಲ್ಲ ಅಲ್ಲಿನ ಪಾಠ.

ಹುಬ್ಬಿನ ಕೆಲಸ ಕೂಡಿಬರಲು ಬೇಕಾದದ್ದು ದುಡ್ಡಲ್ಲ, ಚರ್ಮ. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ನಡುವೆ ಹುರಿ ಹಾಕಿ, ಎರಡೂ ಕೈ ಬೆರಳುಗಳಿಂದ ಆ ಹುರಿಯನ್ನು ಅತ್ತಿತ್ತ ಓಡಿಸಬೇಕು. ಹುರಿ ಸಡಿಲಾದರೆ ಕೂದಲು ಕಿತ್ತು ಬರುವ ಬದಲು ನಡುವೆ ತುಂಡಾಗುತ್ತದೆ. ತೀರ ಬಿಗಿಯಾದರೆ ಚರ್ಮ ಕತ್ತರಿಸುತ್ತದೆ. ಮೊದಮೊದಲು ಎಲ್ಲರೂ ತಮ್ಮ ಕಾಲಿನ ಮೇಲೇ ಕಲಿಯುತ್ತಾರೆ, ಪೌಡರ್ ಬಡಿದುಕೊಂಡು, ಮೀನಖಂಡ ಕೆಂಪಾಗುವವರೆಗೆ. ಆಮೇಲೆ ನಾದಿನಿ, ಓಣಿಯ ಗೆಳತಿಯರು. ಯಾವ ಅಕಾಡೆಮಿಯೂ ಈ ಭಾಗವನ್ನು ಮಾರಲಾರದು.

ಹಾಗಾದರೆ ದುಡ್ಡು ಕೊಟ್ಟು ಕಲಿಯಬೇಕಾದದ್ದು ಯಾವುದು? ತಪ್ಪಿದರೆ ಸರಿಹೋಗದ ಕೆಲಸ. ಹುಬ್ಬು ಕೆಟ್ಟರೆ ಕೆಲವೇ ವಾರದಲ್ಲಿ ಮತ್ತೆ ಬೆಳೆಯುತ್ತದೆ, ಗಿರಾಕಿ ಬೈದು ಸುಮ್ಮನಾಗುತ್ತಾಳೆ. ಹೇರ್ ಕಲರ್, ಸ್ಮೂದನಿಂಗ್, ಕೆಮಿಕಲ್ ಪೀಲ್ ಹಾಗಲ್ಲ. ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಆಗಿಬರುವುದಿಲ್ಲ, ಮುಖ ಬಾತು ಕಣ್ಣು ಮುಚ್ಚಿಹೋಗುತ್ತದೆ. ಅದಕ್ಕೇ ಒಂದೆರಡು ದಿನ ಮೊದಲೇ ಕಿವಿಯ ಹಿಂದೆ ಹಚ್ಚಿ ನೋಡುವುದು. ಕೂದಲು ನೇರ ಮಾಡುವ ಕೆಲವು ಕ್ರೀಮುಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ, ಗಾಳಿಯಾಡದ ಕೋಣೆಯಲ್ಲಿ ಅದು ಗಿರಾಕಿಗೂ ನಮಗೂ ಕೆಟ್ಟದ್ದು. ಯೂಟ್ಯೂಬ್ ನೋಡಿ ಇದನ್ನು ಕಲಿತೆ ಅನ್ನುವವರನ್ನು ಕಂಡರೆ ನನಗೆ ಹೆದರಿಕೆ. ಇಂಥ ಒಂದು ವಿಷಯಕ್ಕೆ ಹತ್ತು ಹನ್ನೆರಡು ಸಾವಿರ ಕೊಟ್ಟು, ಪ್ರಶ್ನೆ ಕೇಳಿದರೆ ಉತ್ತರ ಕೊಡುವವರ ಹತ್ತಿರ ಕಲಿಯುವುದು ಖರ್ಚಲ್ಲ. ಒಬ್ಬ ಗಿರಾಕಿಯ ಆಸ್ಪತ್ರೆ ಬಿಲ್ಲು ಅದಕ್ಕಿಂತ ಜಾಸ್ತಿ.

ರುಡ್‌ಸೆಟ್ ಮುಗಿಸಿ ವಿಜಯಪುರದ ಒಂದು ಪಾರ್ಲರಿನಲ್ಲಿ ತಿಂಗಳಿಗೆ ಆರು ಸಾವಿರಕ್ಕೆ ದುಡಿದೆ. ಸಂಬಳ ಕಡಿಮೆ ಎಂದು ಅನೇಕರು ಅಲ್ಲಿ ನಿಲ್ಲುವುದಿಲ್ಲ. ನನಗೆ ಮಾತ್ರ ಅದು ಸಂಬಳ ಕೊಡುವ ಶಾಲೆ. ಯಾವ ಫೇಶಿಯಲ್ ಕಿಟ್ ಹೆಚ್ಚು ಖಾಲಿಯಾಗುತ್ತದೆ, ಯಾವುದು ಕಪಾಟಿನಲ್ಲೇ ತಾರೀಖು ಮೀರುತ್ತದೆ ಎಂದು ಬೇರೆಯವರ ಬಂಡವಾಳದ ಮೇಲೆ ನೋಡಿಕೊಂಡೆ. ಅಂಗಡಿ ಹಾಕುವಾಗ ಮುದ್ರಾ ಶಿಶು ಸಾಲ ತೆಗೆದೆ. 50 ಸಾವಿರದವರೆಗೆ ಅಡವು ಕೇಳದೆ ಕೊಡುವ ಸಾಲ ಅದು. ಕುರ್ಚಿ, ಕನ್ನಡಿ, ಸ್ಟೀಮರ್, ವ್ಯಾಕ್ಸ್ ಹೀಟರ್, ಇಷ್ಟಕ್ಕೇ ಸಾಲದ ದುಡ್ಡು. ಫೀಗೆ ಸಾಲ ತೆಗೆಯಲಿಲ್ಲ. ಫೀಗೆಂದು ಮೈಕ್ರೋಫೈನಾನ್ಸಿನಲ್ಲಿ ತೆಗೆದವರನ್ನು ನೋಡಿದ್ದೇನೆ. ಕ್ಲಾಸು ನಡೆದಿರುವಾಗಲೇ ವಾರದ ಕಂತು ಶುರು, ಕೈಗೆ ಇನ್ನೂ ಒಬ್ಬ ಗಿರಾಕಿ ಬಂದಿರುವುದಿಲ್ಲ.

ತೊರವಿ ಅಂದರೆ ಹೊರಗಿನವರಿಗೆ ನರಸಿಂಹನ ಗುಡಿ, ತೊರವೆ ರಾಮಾಯಣ. ನನ್ನ ವಹಿಯ ಪ್ರಕಾರ ತೊರವಿ ಅಂದರೆ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. 2003ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಹಾಸ್ಟೆಲ್ ಹುಡುಗಿಯರೇ ನನ್ನ ದಿನದ ಗಲ್ಲಾ. ಐಬ್ರೋ, ಕೂದಲ ತುದಿ ಕತ್ತರಿಸುವುದು, ಸಮಾರಂಭವಿದ್ದರೆ ಸೀರೆ ಉಡಿಸುವುದು. ಸೂಟಿ ಬಿಟ್ಟರೆ ಗಲ್ಲಾನೂ ಸೂಟಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಯಿತಲ್ಲ, ಕಲಿಯುವವರಿಗೆ ಅದು ಭಾರಿ ಉಪಕಾರ. ಹಳ್ಳಿಯಿಂದ ವಿಜಯಪುರದ ಕ್ಲಾಸಿಗೆ ಹೋಗಿಬರುವ ಖರ್ಚೇ ಇಲ್ಲ. ಆದರೆ ನನ್ನ ಗಿರಾಕಿಗೂ ಬಸ್ ಉಚಿತ, ಅವಳೂ ವಿಜಯಪುರದ ಎಸಿ ಪಾರ್ಲರಿಗೆ ಹೋಗಬಲ್ಲಳು! ಊರಲ್ಲಿ ಬೇರೆ ಪಾರ್ಲರ್ ಇಲ್ಲ, ನಮ್ಮದೇ ನಡೆಯುತ್ತದೆ ಎಂಬ ಧೈರ್ಯದ ಮೇಲೆ ಈಗ ಯಾರೂ ಫೀ ಕಟ್ಟಬಾರದು.

ದೊಡ್ಡ ದುಡ್ಡು ಮದುವೆಯದು. ಮದುಮಗಳ ಮೇಕಪ್, ಜಡೆ, ಸೀರೆ ಸೇರಿ ನಾನು ಆರು ಸಾವಿರ ತೆಗೆದುಕೊಳ್ಳುತ್ತೇನೆ. ಸಾಮಾನಿಗೆ 900, ಜೊತೆಗೆ ಬರುವ ಹುಡುಗಿಗೆ 700, ನಸುಕಿನಲ್ಲಿ ಮಂಗಲ ಕಾರ್ಯಾಲಯಕ್ಕೆ ಹೋಗುವ ಗಾಡಿಗೆ 500 ಹೋದರೆ ಉಳಿಯುವುದು 3,900. ಹುಬ್ಬಿಗೆ ಹೋಲಿಸಿದರೆ ಹಬ್ಬ. ಆದರೆ ಈ ಹಬ್ಬ ತಿಂಗಳು ತಿಂಗಳು ಬರುವುದಿಲ್ಲ. ಟಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬೆಳೆಗಾರರ ಮನೆಯ ಮದುವೆಗಳಲ್ಲಿ ಒಣದ್ರಾಕ್ಷಿ ರೇಟು ಚೆನ್ನಾಗಿದ್ದ ವರ್ಷ ಮದುಮಗಳ ಜೊತೆ ಅಕ್ಕತಂಗಿಯರಿಗೂ ಮೇಕಪ್. ರೇಟು ಬಿದ್ದ ವರ್ಷ "ಬರೇ ಮದುಮಗಳಿಗಷ್ಟ ಮಾಡ್ರಿ" ಅನ್ನುತ್ತಾರೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಅದೂ ಇಲ್ಲ, ಅಷ್ಟಿಷ್ಟು ಹುಬ್ಬೇ ಗತಿ. ಬ್ಯಾಂಕಿನ ಕಂತಿಗೆ ಆಷಾಢ ಗೊತ್ತಿಲ್ಲ. ಅದಕ್ಕೇ ಮದುವೆಯ ಅಡ್ವಾನ್ಸ್ ಕೈಸೇರಿದ ದಿನವೇ ಅರ್ಧ ಆರ್‌ಡಿಗೆ, ಸ್ವಲ್ಪ ಓಣಿಯ ಹೆಣ್ಣುಮಕ್ಕಳ ಭಿಶಿಗೆ, ಅಂದರೆ ಚೀಟಿಗೆ. ಭಿಶಿಯನ್ನು ನಾನು ಆಷಾಢದಲ್ಲೇ ಎತ್ತುತ್ತೇನೆ, ಆ ಸರದಿಗಾಗಿ ಜಗಳವನ್ನೂ ಆಡುತ್ತೇನೆ.

ತೆರಿಗೆಯ ಸುದ್ದಿ ಕೇಳಿ ಹುಡುಗಿಯರು ಗಾಬರಿಯಾಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಲೂನ್, ಪಾರ್ಲರ್ ಸೇವೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ವರ್ಷಕ್ಕೆ 20 ಲಕ್ಷ ವಹಿವಾಟು ದಾಟದ ನಮ್ಮಂಥವರಿಗೆ ನೋಂದಣಿಯೇ ಬೇಕಿಲ್ಲ. ಶಾಂಪೂ, ಫೇಸ್ ಪೌಡರ್ ಮೇಲಿನ ತೆರಿಗೆಯೂ ಇಳಿದದ್ದರಿಂದ ಸಾಮಾನಿನ ಬಿಲ್ಲಿನಲ್ಲಿ ತುಸು ಉಳಿಯಿತು ಅಷ್ಟೇ.

2026ರಲ್ಲಿ ಅಧಿಕ ಮಾಸ ಜ್ಯೇಷ್ಠಕ್ಕೆ ಬಂದಿದೆ, ಮೇ 17ರಿಂದ ಜೂನ್ 15ರವರೆಗೆ. ಮದುವೆಯ ಹಂಗಾಮಿನ ನಟ್ಟನಡುವೆ ಒಂದು ತಿಂಗಳು ಖಾಲಿ. ನಾನು ಹೇರ್ ಕಲರಿನ ಮೇಲುಹಂತದ ಕ್ಲಾಸನ್ನು ಆ ತಿಂಗಳಿಗೇ ಇಟ್ಟುಕೊಂಡಿದ್ದೇನೆ. ಹೋದರೆ ತಪ್ಪುವ ದುಡಿಮೆ ಏನೂ ಇಲ್ಲ. ಮೇಕಪ್ಪಿನವರೆಲ್ಲ ಖಾಲಿ ಕೂರುವ ತಿಂಗಳಲ್ಲಿ ಕಲಿಸುವವರಿಗೂ ಸೀಟು ತುಂಬಿಸುವ ಚಿಂತೆ ಇರುತ್ತದೆ. 15 ಸಾವಿರ ಹೇಳಿದ್ದರು, 11ಕ್ಕೆ ಒಪ್ಪಿದ್ದಾರೆ, ಜಿಎಸ್‌ಟಿ ಸೇರಿಸಿ.