ಟಿಕೆಟ್ ಯಾರಿಗೆ ಅಂತ ನಿನ್ನನ್ನೇ ಕೇಳುತ್ತಿದ್ದಾರೆ

ಕಂದಿಕೆರೆ

ಚಿ. ಸೌ. ಸುಮಾ, ನೀನು ಬರೆಯುವವಳಲ್ಲ, ಫೋನಾದರೂ ಮಾಡುತ್ತಿರು. ಕೆರೆ ಕಡೆಯ ತೋಟಕ್ಕೆ ಕಪ್ಪು ತಲೆ ಹುಳು ಬಿದ್ದು ಗರಿಗಳು ಒಣಗಿವೆ. ನಿನ್ನ ದೊಡ್ಡಮ್ಮನಿಗೆ ಅಟ್ಟದ ಕಾಯಿ ಸುಲಿಸುವ ಗಡಿಬಿಡಿ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಉಳಿದಿದೆ. ಅಮೆರಿಕದ ಪ್ರಜೆಯಾಗಿ ಪ್ರಮಾಣ ಮಾಡಿಬಂದೆ, ಮತದಾರರ ಪಟ್ಟಿಗೆ ಸೇರುವ ಅರ್ಜಿಯಲ್ಲಿ ‘ನಿಮ್ಮ ಪಕ್ಷ ಯಾವುದು’ ಅಂತ ಕೇಳಿದ್ದಾರೆ, ಏನು ಬರೆಯಲಿ ದೊಡ್ಡಪ್ಪ ಅಂದೆ. ಸರ್ಕಾರದ ಕಾಗದದಲ್ಲಿ ಪಕ್ಷದ ಹೆಸರೇ ಅಂತ ನನಗೆ ಗಾಬರಿಯಾಯಿತು. ಖಾಲಿ ಬಿಟ್ಟುಬಿಡು ಮಗಳೇ ಅಂದುಬಿಟ್ಟೆ.

ಆ ಗಾಬರಿ ಈ ಊರಿನದು. 1977-78ರಲ್ಲಿ ನಮ್ಮ ಬೀದಿಯ ಒಂದು ಗೋಡೆಯ ಮೇಲೆ ಒಂದು ಪಕ್ಷದ ಚಿಹ್ನೆ ಹಸು-ಕರು, ಎದುರು ಗೋಡೆಯ ಮೇಲೆ ಇನ್ನೊಂದು ಪಕ್ಷದ ನೇಗಿಲು ಹೊತ್ತ ರೈತ. ಚುನಾವಣೆ ಮುಗಿದರೂ ಆ ಎರಡು ಮನೆಯವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಸುಣ್ಣ ಬಳಿದರೂ ಹೋಗದ ಗುರುತು ಅದು. ಈಗಲೂ ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಅಂತ ಕಾನೂನು ಹೇಳುತ್ತದೆ. ಆದರೂ ಯಾವ ಮನೆ ಯಾವ ಪಕ್ಷ ಅಂತ ಕಾಯಿ ಕೀಳೋಕೆ ಬರುವವನಿಗೂ ಗೊತ್ತು.

ಆಮೇಲೆ ಕೂತು ಓದಿ ನೋಡಿದೆ. ನಿಮ್ಮಲ್ಲಿ ಪಕ್ಷ ಬರೆಸುವುದೆಂದರೆ ನಮ್ಮ ಸದಸ್ಯತ್ವದ ಹಾಗಲ್ಲ. ಶುಲ್ಕವಿಲ್ಲ, ಸಭೆಗೆ ಹೋಗಬೇಕಿಲ್ಲ, ಬಾವುಟ ಹಿಡಿಯಬೇಕಿಲ್ಲ. ನವೆಂಬರಿನ ದೊಡ್ಡ ಚುನಾವಣೆಯಲ್ಲಿ ಯಾರಿಗೆ ಬೇಕಾದರೂ ಹಾಕಬಹುದು. ಆ ಬರಹಕ್ಕೆ ಬೆಲೆ ಬರುವುದು ಅದಕ್ಕೂ ಮೊದಲಿನ ಪ್ರೈಮರಿಯಲ್ಲಿ, ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ತೀರ್ಮಾನಿಸುವಾಗ.

ಇದು ಎಷ್ಟು ದೊಡ್ಡ ಮಾತು ಅಂತ ನಿನಗೆ ಅಲ್ಲಿ ಕೂತು ಅನ್ನಿಸಲಿಕ್ಕಿಲ್ಲ. ನಮ್ಮ ಕ್ಷೇತ್ರದಲ್ಲಿ ಪಕ್ಷದ ಟಿಕೆಟ್, ಅಂದರೆ ಬಿ ಫಾರಂ, ಯಾರಿಗೆ ಅಂತ ನಾವು ಟೀವಿ ನೋಡಿಯೇ ತಿಳಿಯಬೇಕು. ಆಕಾಂಕ್ಷಿಗಳು ಬೆಂಗಳೂರು, ದೆಹಲಿ ಅಂತ ಓಡಾಡುತ್ತಾರೆ, ನಾವು ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಪಂಥ ಕಟ್ಟುತ್ತೇವೆ, ಅಷ್ಟೇ. ಒಂದು ಸಲ ಮಾತ್ರ, 2014ರ ಲೋಕಸಭೆಗೆ, ರಾಹುಲ್ ಗಾಂಧಿ ಕೆಲವೇ ಕ್ಷೇತ್ರಗಳಲ್ಲಿ ಅಮೆರಿಕದ ಮಾದರಿ ತಂದು ನೋಡಿದರು. ನಮ್ಮ ರಾಜ್ಯದಲ್ಲಿ ಬೆಂಗಳೂರು ಉತ್ತರದಲ್ಲೂ ದಕ್ಷಿಣ ಕನ್ನಡದಲ್ಲೂ ಅದು ನಡೆಯಿತು. ಬೆಂಗಳೂರು ಉತ್ತರದಲ್ಲಿ ಬಿ. ಎಲ್. ಶಂಕರ್ ಅವರೆದುರು ಸಿ. ನಾರಾಯಣಸ್ವಾಮಿ ಗೆದ್ದರು, ದಕ್ಷಿಣ ಕನ್ನಡದಲ್ಲಿ ಹರ್ಷ ಮೊಯ್ಲಿ ಎದುರು ಜನಾರ್ದನ ಪೂಜಾರಿ ಗೆದ್ದರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳಂಥವರೇ ಹೊರತು ಊರಿನ ಮತದಾರರಲ್ಲ. ನಿಜವಾದ ಚುನಾವಣೆಯಲ್ಲಿ ಇಬ್ಬರೂ ಸೋತರು. ಪ್ರಯೋಗ ಅಲ್ಲಿಗೇ ನಿಂತಿತು. ಸೋತದ್ದಕ್ಕೆ ನಿಲ್ಲಿಸಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ನ್ಯೂಜೆರ್ಸಿಯಲ್ಲೂ ಮುಖಂಡರ ಕೈವಾಡ ಇಲ್ಲದಿರಲಿಲ್ಲ. ಕೌಂಟಿಯ ಪಕ್ಷದವರು ಒಪ್ಪಿದವರ ಹೆಸರೆಲ್ಲ ಮತಪತ್ರದಲ್ಲಿ ಒಂದೇ ಸಾಲಿಗೆ ಬರುತ್ತಿತ್ತು, ಮಿಕ್ಕವರದು ಎಲ್ಲೋ ಮೂಲೆಯಲ್ಲಿ. 2024ರಲ್ಲಿ ಆಂಡಿ ಕಿಮ್ ಎಂಬ ಅಭ್ಯರ್ಥಿ ಇದರ ವಿರುದ್ಧ ಕೋರ್ಟಿಗೆ ಹೋದ, ನ್ಯಾಯಾಧೀಶರು ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಆ ಸಾಲನ್ನು ತಡೆದರು. ಅದೇ ನವೆಂಬರಿನಲ್ಲಿ ಆತ ಸೆನೆಟ್‌ಗೂ ಗೆದ್ದ. ಕೊರಿಯಾದಿಂದ ಬಂದ ದಂಪತಿಯ ಮಗ ಅವನು. ಓದಿ ನನಗೆ ನಿನ್ನ ಮಕ್ಕಳ ನೆನಪಾಯಿತು.

ನನ್ನ ಮಾತು ಕೇಳಿ ನೀನು ಪಕ್ಷದ ಜಾಗ ಖಾಲಿ ಬಿಟ್ಟದ್ದರಿಂದ, ಆಮೇಲೆ ನಾನು ಹೆದರಿದಷ್ಟು ನಷ್ಟವಾಗಿಲ್ಲ. ನ್ಯೂಜೆರ್ಸಿಯಲ್ಲಿ ಪಕ್ಷ ಬರೆಸದವರು ಪ್ರೈಮರಿಯ ದಿನವೇ ಮತಗಟ್ಟೆಯಲ್ಲಿ ಪಕ್ಷ ಹೇಳಿ ಮತ ಹಾಕಬಹುದು. ಆಮೇಲೆ ನೀನೇ ಬದಲಿಸುವವರೆಗೆ ಆ ಪಕ್ಷದವಳೆಂದೇ ದಾಖಲಾಗಿರುತ್ತದೆ. ಬದಲಿಸಬೇಕೆಂದರೆ ಪ್ರೈಮರಿಗೆ 55 ದಿನ ಮೊದಲೇ ಅರ್ಜಿ ಕೊಡಬೇಕು. ನಾಳೆ ಕೆಲಸ ಬದಲಾಗಿ ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾದಲ್ಲಿ ಮನೆ ಮಾಡಿದೆಯೋ, ಕಾನೂನೇ ಬೇರೆ. ಅಲ್ಲಿ ಪಕ್ಷ ಬರೆಸದವರಿಗೆ ಅಭ್ಯರ್ಥಿ ಆರಿಸುವ ಮತವಿಲ್ಲ. ಟೆಕ್ಸಾಸಿನಲ್ಲಿ ಪಕ್ಷ ಬರೆಸುವ ಪದ್ಧತಿಯೇ ಇಲ್ಲವಂತೆ. ಮನೆ ಬದಲಿಸಿದಾಗಲೆಲ್ಲ ಇದನ್ನು ವಿಚಾರಿಸಿಕೋ. ನಮ್ಮ ಆಗ್ನೇಯ ಪದವೀಧರ ಕ್ಷೇತ್ರದಲ್ಲೇ ನೋಡು, ಪ್ರತಿ ಚುನಾವಣೆಗೂ ಪಟ್ಟಿ ಹೊಸದು, ಪ್ರತಿ ಸಲವೂ ನಮೂನೆ 18 ತುಂಬಬೇಕು. ಹಿಂದಿನ ಸಲ ಹೆಸರಿತ್ತಲ್ಲ ಅಂತ ಸುಮ್ಮನಿದ್ದ ಓದಿದ ಗಂಡಸರು ಮತದಾನದ ದಿನ ಪೆಚ್ಚಾಗಿ ವಾಪಸು ಬರುತ್ತಾರೆ.

ನಿನಗೆ ನಾನು ಹೇಳುವುದು ಇಷ್ಟು, ಪ್ರೈಮರಿ ತಪ್ಪಿಸಬೇಡ. ಅಟ್ಟಕ್ಕೆ ಹಾಕುವ ಮುಂಚೆಯೇ ಅಲ್ಲವೇನಮ್ಮ ನಾವು ಕಾಯಿ ಆರಿಸುವುದು? ಎಳೆಯದು, ಬಿರುಕು ಬಿಟ್ಟದ್ದು ಮೇಲೆ ಹೋಯಿತೋ, ಹತ್ತು ಹನ್ನೊಂದು ತಿಂಗಳಾದ ಮೇಲೆ ತಿಪಟೂರಿನ ಹರಾಜಿನಲ್ಲಿ ನಿಂತು ಕೊಬ್ಬರಿ ಕೆಟ್ಟಿದೆ ಅಂತ ಗೊಣಗಿ ಫಲವಿಲ್ಲ. ನವೆಂಬರಿನಲ್ಲಿ ‘ಇಬ್ಬರೂ ಸರಿಯಿಲ್ಲ’ ಅನ್ನುವವರು ಜೂನಿನ ಪ್ರೈಮರಿಯಲ್ಲಿ ಎಲ್ಲಿದ್ದರು ಅಂತ ಕೇಳು. ಯಾವ ಪಕ್ಷ ಅಂತ ನಾನು ಹೇಳುವುದಿಲ್ಲ, ಅಳಿಯಂದಿರೂ ಹೇಳುವುದು ಬೇಡ.

ನೀನೀಗ ಭಾರತದ ಪ್ರಜೆಯಲ್ಲವಾದ್ದರಿಂದ ಇಲ್ಲಿನ ಪಟ್ಟಿಯಿಂದ ನಿನ್ನ ಹೆಸರು ತೆಗೆಸಬೇಕು. ಅದಕ್ಕೆ ನಮೂನೆ 7 ಕೊಟ್ಟಿದ್ದೇನೆ. ನಿನ್ನ ದೊಡ್ಡಮ್ಮನಿಗೆ ಇದನ್ನಿನ್ನೂ ಹೇಳಿಲ್ಲ, ನೀನೂ ಹೇಳಬೇಡ. ಪ್ರೈಮರಿ ಬರುವುದು ಜೂನಿನ ಒಂದು ಮಂಗಳವಾರ, ಮತಗಟ್ಟೆ ಬೆಳಗ್ಗೆ 6ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ಸಂಜೆ ಅಂತ ಇಟ್ಟುಕೊಳ್ಳಬೇಡ, ಕೆಲಸಕ್ಕೆ ಹೊರಡುವ ಮುಂಚೆಯೇ ಮತ ಹಾಕಿ ಹೋಗು.

ಇತಿ ನಿನ್ನ ದೊಡ್ಡಪ್ಪ